ಹಿಂಡು ಬಿಟ್ಟ ತಾಯಪ್ಪ

ಇಂಗ್ಲಿಷಿನಲ್ಲಿ ಎಗ್ರೀಜಿಯಸ್ ಎಂದು ಒಂದು ಮಾತಿದೆ. ಇಂಗ್ಲಿಷ್ ಬಲ್ಲವರು ಈಗಲೇ ನಗಬೇಡಿ, ಬಾರದವರು ಹೆದರಬೇಡಿ. ನನಗೆ ಆ ಭಾಷೆಯಲ್ಲಿ ಬರುವುದು ಒಟ್ಟು ಇಪ್ಪತ್ತು ಮಾತು. ಹತ್ತೊಂಬತ್ತನ್ನು ಕೃಷ್ಣಾ ಸ್ಟೇಷನ್ನಿನ ಕಟ್ಟೆಯ ಮೇಲೆ ಕಲಿತೆ, ಇಪ್ಪತ್ತನೆಯದು ಇದು. ಇದನ್ನು ನಮ್ಮೂರಿಗೆ ತಂದವನು ತಾಯಪ್ಪ. ಅವನಿಗೆ ಅಕ್ಷರ ಒಂದೂ ಬರುತ್ತಿರಲಿಲ್ಲ. ಆದರೂ ಆ ಮಾತಿನ ಹುಟ್ಟು, ತಾಯಿ, ತಂದೆ, ತವರು ಎಲ್ಲವನ್ನೂ ನಮ್ಮೂರ ಮುದುಕಿಯರು ಇವತ್ತಿಗೂ ಜೋಳ ಬೀಸಿದಷ್ಟು ಸಲೀಸಾಗಿ ಹೇಳುತ್ತಾರೆ. ಹೈದರಾಬಾದಿನಲ್ಲಿ ಓದಿ ಬಂದವರು ಕೇಳಿ ಸುಮ್ಮನೆ ಎದ್ದು ಹೋಗುತ್ತಾರೆ.

ನಿಜಾಮ ಸರಕಾರದ ಕಾಲ. ಮಕ್ತಲ್‌ಗೂ ಕೃಷ್ಣಾ ಹೊಳೆಗೂ ನಡುವೆ ನಮ್ಮೂರು. ಊರಲ್ಲಿ ಮುಕ್ಕಾಲು ಪಾಲು ಕುರುಬರು, ಬೀರಪ್ಪನ ಒಕ್ಕಲು. ಒಂದು ಸಲ ಸಿಕಂದರಾಬಾದಿನ ದಂಡಿನಿಂದ ಒಬ್ಬ ಇಂಗ್ಲಿಷ್ ದೊರೆ ಚಿಗರಿ ಬೇಟೆಗೆಂದು ಬಂದು ನಮ್ಮ ಗುಡ್ಡದ ಕೆಳಗೆ ಡೇರೆ ಹಾಕಿದ. ದಾರಿ ತೋರಿಸಲು ಒಬ್ಬ ಆಳು ಬೇಕೆಂದು ಪೊಲೀಸ್ ಪಟೇಲರಿಗೆ ಹುಕುಂ ಆಯಿತು. ಪಟೇಲರು ತಾಯಪ್ಪನನ್ನು ಕಳಿಸಿದರು. ಕುರಿ ಕಾಯುವವನಿಗೆ ಗೊತ್ತಿಲ್ಲದ ಗುಡ್ಡವೇ ಎಂಬುದು ಅವರ ಲೆಕ್ಕ.

ತಾಯಪ್ಪ ಕೆಟ್ಟವನಲ್ಲ. ಅವನಿಗೆ ಇದ್ದ ಖೋಡಿ ಒಂದೇ, ಗೊತ್ತಿಲ್ಲ ಎಂಬ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಸೂರ್ಯ ಎಲ್ಲಿ ಮುಳುಗುತ್ತಾನೆ ಎಂದು ಕೇಳಿದರೂ ಆ ಹೊಲದ ಪಟ್ಟಾ ಯಾರ ಹೆಸರಿನಲ್ಲಿದೆ ಎಂದು ಹೇಳುವ ಜಾತಿ. ಮೊದಲನೆಯ ದಿನ ದೊರೆಯನ್ನು ಹೊತ್ತು ಮೂಡಿದಾಗಿನಿಂದ ನಡೆಸಿ ನಡೆಸಿ, ಸಂಜೆಗೆ ಅದೇ ಡೇರೆಯ ಹಿಂಬದಿಗೆ ತಂದು ನಿಲ್ಲಿಸಿ, ಇಲ್ಲಿ ಇನ್ನೊಬ್ಬ ದೊರೆ ಇಳಿದಿದ್ದಾನೆ, ಪರಿಚಯ ಮಾಡಿಕೊಳ್ಳಿ ಎಂದ. ಎರಡನೆಯ ದಿನ ನಲವತ್ತು ಚಿಗರಿ ಕಂಡವು. ದೊರೆ ಹೊಟ್ಟೆಯ ಮೇಲೆ ಹರಿದು ಬಂದೂಕು ಹೂಡುವಷ್ಟರಲ್ಲಿ, ಚದುರಿ ಮೇಯುವ ಜೀವಗಳನ್ನು ಕಂಡು ತಾಯಪ್ಪನಿಗೆ ಇಪ್ಪತ್ತು ವರ್ಷದ ರೂಢಿ ತಡೆಯಲಾಗಲಿಲ್ಲ. ಎದ್ದು ನಿಂತು, ಅವನ್ನು ಒಟ್ಟು ಮಾಡಲು ತುಟಿ ಮಡಿಚಿ ಸಿಳ್ಳು ಹಾಕಿದ. ಮೂರನೆಯ ದಿನ ಮೊಣಕಾಲುದ್ದ ನೀರು ಎಂದು ಹೇಳಿ ದೊರೆಯನ್ನು ಹಳ್ಳಕ್ಕೆ ಇಳಿಸಿದ. ಟೊಪ್ಪಿಗೆಯೊಂದು ಬಿಟ್ಟು ಮೈಯೆಲ್ಲ ತೊಯ್ದು ದೊರೆ ಆಚೆ ದಡ ಹತ್ತಿದ.

ದೊರೆಗಳ ಚಾಕರಿ ಮಾಡಿದವರು ಚೀಟಿ ಕೇಳುವುದು ಆಗ ಪದ್ಧತಿ. ದೊರೆಯ ಗಡ್ಡ ಕೆರೆದ ಹಡಪದವನ ಹತ್ತಿರ ಒಂದು ಚೀಟಿ ಇತ್ತು, ಹಾಲು ಕೊಟ್ಟವನ ಹತ್ತಿರ ಇತ್ತು. ತಾಯಪ್ಪನೂ ಕೈ ಜೋಡಿಸಿ ನಿಂತ. ದೊರೆ ಅವನನ್ನು ತುಂಬಾ ಹೊತ್ತು ನೋಡಿ, ಒದ್ದೆ ಅಂಗಿಯಲ್ಲೇ ಕೂತು ಒಂದು ಸಾಲು ಬರೆದು ದಸ್ತಖತ್ತು ಹಾಕಿದ. ನಿಜಾಮರ ರಾಜ್ಯವನ್ನೆಲ್ಲ ಜಾಲಾಡಿದರೂ ಈ ತಾಯಪ್ಪನಂಥ ಎಗ್ರೀಜಿಯಸ್ ಆಳು ಇನ್ನೊಬ್ಬ ಸಿಗುವುದಿಲ್ಲ ಎಂದು ಅದರಲ್ಲಿತ್ತು. ಅದು ಬೈಗುಳ ಎಂದು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನವರು ಈ ಕಾಲದಲ್ಲಿ ಆ ಮಾತನ್ನು ನಾಲ್ಕು ಊರಿಗೆ ಎದ್ದು ಕಾಣುವ ತಪ್ಪಿಗೆ, ಅಂಥ ತಪ್ಪು ಮಾಡುವ ಮೂರ್ಖನಿಗೆ ಬಳಸುತ್ತಾರೆ. ಆದರೆ ತಾಯಪ್ಪನಿಗೆ ಕಂಡದ್ದು ದೊರೆಯ ಕೈಬರಹ. ಅದನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನ ಸುತ್ತಿನಲ್ಲಿ ಸಿಕ್ಕಿಸಿಕೊಂಡು ಊರಿಗೆ ಬಂದ. ಅವತ್ತಿನಿಂದ ಅವನ ಕುತ್ತಿಗೆ ಬಾಗುವುದು ನಿಂತುಹೋಯಿತು.

ಆಗ ಅವನ ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ತಾಯಪ್ಪ ಪೆಂಟಮ್ಮರಿಗೆ ಒಬ್ಬಳೇ ಮಗಳು, ಮೈಲಮ್ಮ. ನಾರ್ವದ ಉರುಕುಂದಪ್ಪನ ಮಗನಿಗೆ ಕೊಡುವುದೆಂದು ವೀಳ್ಯ ಆಗಿತ್ತು. ಪೆಂಟಮ್ಮ ನಾರಾಯಣಪೇಟೆಗೆ ಹೋಗಿ ಧಾರೆಯ ಸೀರೆಯನ್ನೂ ತಂದಿದ್ದಳು. ತಾಯಪ್ಪನಿಗೆ ಈ ಮದುವೆಯಲ್ಲಿ ಇದ್ದ ಆಸೆ ಒಂದೇ, ಮಗಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೀರು ಬಿಟ್ಟು ಕೊಡಬೇಕು. ಅವಳು ಹುಟ್ಟಿದ ದಿನದಿಂದ ಅದನ್ನು ಹೇಳಿಕೊಂಡು ಬಂದಿದ್ದ. ಕುಡಿದಾಗ ಅಳುತ್ತ ಹೇಳುತ್ತಿದ್ದ, ಕುಡಿಯದಾಗ ನಗುತ್ತ ಹೇಳುತ್ತಿದ್ದ.

ಬೀಗ ಉರುಕುಂದಪ್ಪ ನೇಮದ ಮನುಷ್ಯ. ತಪ್ಪಿಸಿಕೊಂಡು ಬಂದ ಕುರಿಯ ಕಿವಿಯ ಗುರುತು ನೋಡಿ, ಮೂರು ಹರದಾರಿ ನಡೆದು ಒಡೆಯನಿಗೆ ಒಪ್ಪಿಸಿ ಬರುವವನು. ಅವನ ಮುಂದೆ ದೊಡ್ಡಸ್ತಿಕೆ ತೋರಿಸಬೇಕೆಂದು ತಾಯಪ್ಪ ರುಮಾಲು ಬಿಚ್ಚಿ ಚೀಟಿ ತೆಗೆದ. ಉರುಕುಂದಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಏನು ಬರೆದಿದೆ ಎಂದು ಕೇಳಿದ. ತಾಯಪ್ಪ ಜನ್ಮದಲ್ಲಿ ಮೊದಲ ಸಲ ಸುಮ್ಮನಾದ. ಏನು ಬರೆದಿದೆ ಎಂದು ತಿಳಿಯದೆ ತಲೆಯ ಮೇಲೆ ಹೊತ್ತು ತಿರುಗಬಾರದು, ಓದಿಸಿಕೊಂಡು ಬಾ ಎಂದು ಹೇಳಿ ಬೀಗ ನಾರ್ವಕ್ಕೆ ನಡೆದ.

ಮರುದಿನವೇ ತಾಯಪ್ಪ ಮಕ್ತಲ್‌ನ ಕಚೇರಿಗೆ ಹೋದ. ಅಲ್ಲಿನ ಪೇಷ್ಕಾರ ಸಾಹೇಬರು ಉರ್ದುವಿನಲ್ಲಿ ಹುಲಿ. ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರ ಬಿಡಿಸಿ ಓದುತ್ತಿದ್ದರು, ಆದರೆ ಅಕ್ಷರಗಳು ಕೂಡಿಕೊಂಡು ಮಾತಾದರೆ ಅವರಿಗೂ ಅದಕ್ಕೂ ಸಂಬಂಧ ಇರುತ್ತಿರಲಿಲ್ಲ. ಎಗ್ರೀಜಿಯಸ್ ಹತ್ತಿರ ಬಂದು ಕನ್ನಡಕ ತೆಗೆದು ಒರೆಸಿದರು. ಇಷ್ಟು ಉದ್ದದ ಮಾತನ್ನು ಸರಕಾರ ಸಣ್ಣ ಮನುಷ್ಯರ ಮೇಲೆ ಖರ್ಚು ಮಾಡುವುದಿಲ್ಲ, ಇದು ಏನೋ ಖಿತಾಬು ಇರಬೇಕು ಎಂದು ಅಭಿಪ್ರಾಯ ಕೊಟ್ಟು, ತಾಯಪ್ಪನಿಗೆ ಕೂರಲು ಸ್ಟೂಲು ತರಿಸಿದರು. ಕುರುಬನೊಬ್ಬ ಆ ಕಚೇರಿಯಲ್ಲಿ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು. ಕೊನೆಗೆ, ಇದನ್ನು ಪೂರಾ ಬಿಡಿಸಬಲ್ಲವರು ಗದ್ವಾಲಿನ ಶಿವಶಂಕರಪ್ಪ ಮಾಸ್ತರು ಒಬ್ಬರೇ ಎಂದು ಹೇಳಿ ಕಳಿಸಿದರು.

ತಾಯಪ್ಪ ಹರಗೋಲಿನಲ್ಲಿ ಹೊಳೆ ದಾಟಿ ಗದ್ವಾಲಿಗೆ ಹೋದ. ಶಿವಶಂಕರಪ್ಪ ಮಾಸ್ತರು ಮದರಾಸಿನಲ್ಲಿ ಪಾದ್ರಿಗಳ ಹತ್ತಿರ ಲ್ಯಾಟಿನ್ ಓದಿ ಬಂದವರು. ಬಂದ ಹನ್ನೆರಡು ವರ್ಷದಲ್ಲಿ ಗದ್ವಾಲಿನ ಒಬ್ಬ ನರಪಿಳ್ಳೆಯೂ ಅವರನ್ನು ಲ್ಯಾಟಿನ್ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಒಬ್ಬ ಮನುಷ್ಯ ಹೊಳೆ ದಾಟಿ, ಕಂಬಳಿ ಹೊದ್ದು, ಒಂದು ಮಾತಿನ ಮೂಲ ಕೇಳಲು ಬಂದಿದ್ದಾನೆ ಎಂದು ತಿಳಿದಾಗ ಅವರ ಕಣ್ಣಲ್ಲಿ ನೀರು ಬಂತು. ಹೆಂಡತಿಗೆ ಹೇಳಿ ಒಗ್ಗರಣೆ ಮಂಡಾಳು ಮಾಡಿಸಿದರು. ಮಾಸ್ತರದ್ದು ಒಂದು ಹಠ ಇತ್ತು. ಮಾತು ಈಗ ಏನು ಹೇಳುತ್ತದೆ ಎಂಬುದು ಬೀದಿಯ ಮಂದಿಯ ವ್ಯವಹಾರ, ಹುಟ್ಟಿದಾಗ ಏನು ಹೇಳುತ್ತಿತ್ತು ಎಂಬುದೇ ವಿದ್ಯೆ ಎಂದು ಅವರು ತಿಳಿದಿದ್ದರು.

"ಗ್ರೆಕ್ಸ್ ಅಂದ್ರ ಹಿಂಡು," ಎಂದರು ಮಾಸ್ತರು. "ಎ ಅಂದ್ರ ಹೊರಗ. ಕುರಿ ಹಿಂಡಿನಾಗಿಂದ ಛಲೋದು ಒಂದನ್ನ ಆರಿಸಿ ಹೊರಗ ತಗದು ನಿಲ್ಲಸತಾರ ನೋಡು, ಅದು ಎಗ್ರೀಜಿಯಸ್. ಎರಡು ಸಾವಿರ ವರ್ಷದ ಮಾತು. ರೋಮ್ ದೇಶದ ಮಂದಿ ಮೊದಲಿಗೆ ಕುರಿ ಕಾಯವರೇ."

"ಅವರೂ ಕುರುಬರೇನ್ರಿ? ಬೆಡಗು ಯಾವುದ್ರಿ?" ಎಂದು ತಾಯಪ್ಪ ಕೇಳಿದ.

ರೋಮಿನವರ ಕುಲ ಬೆಡಗು ಮಾಸ್ತರಿಗೆ ಗೊತ್ತಿರಲಿಲ್ಲ. ಅದೊಂದು ಕೊರತೆ ಬಿಟ್ಟರೆ ಪಾಠ ಸಂಜೆಯವರೆಗೆ ನಡೆಯಿತು. ತಾಯಪ್ಪ ಹೊಳೆ ದಾಟಿ ವಾಪಸು ಬರುವಾಗ ಹರಗೋಲಿನವನಿಗೂ ಲ್ಯಾಟಿನ್ ಹೇಳಿಕೊಟ್ಟ.

ಅವನು ಊರು ಮುಟ್ಟಿದ್ದು ಆದಿತ್ಯವಾರ. ಬೀರಪ್ಪನ ಗುಡಿಯ ಮುಂದೆ ಊರವರೆಲ್ಲ ಕೂಡಿದ್ದರು. ತಾಯಪ್ಪ ನೇರವಾಗಿ ಗುಡಿಯ ಕಟ್ಟೆ ಹತ್ತಿ, ದೇವರ ಕಡೆಗೆ ಒಂದು ಕೈ, ಮಂದಿಯ ಕಡೆಗೆ ಒಂದು ಕೈ ಮಾಡಿ, ದೊಡ್ಡ ದನಿಯಲ್ಲಿ ಸಾರಿದ.

"ಎಲ್ಲಾರೂ ಕೇಳ್ರಿ. ನಾ ಈಗ ಎಲ್ಲಾರಂಗ ಅಲ್ಲ. ನನ್ನ ಹಿಂಡಿನಾಗಿಂದ ಆರಿಸಿ ಹೊರಗ ತಗದಾರ. ಕಾಗದ ಐತಿ, ಗದ್ವಾಲ್ ಮಾಸ್ತರು ಓದಿ ಹೇಳ್ಯಾರ."

ಇಲ್ಲಿ ನಮ್ಮ ಕಡೆಯ ಪದ್ಧತಿ ಒಂದನ್ನು ಹೇಳಬೇಕು. ಕುರುಬರ ಹಿಂಡಿನಿಂದ ಒಂದು ಟಗರನ್ನು ಆರಿಸಿ ಹೊರಗೆ ತೆಗೆದರೆ ಅದಕ್ಕೆ ಅರ್ಥ ಒಂದೇ, ಅದು ಬೀರಪ್ಪನಿಗೆ ಬಿಟ್ಟ ಟಗರು. ಅದರ ಹಣೆಗೆ ಅರಿಸಿನದ ಭಂಡಾರ ಹಚ್ಚುತ್ತಾರೆ. ಅಲ್ಲಿಂದ ಅದಕ್ಕೆ ಒಡೆಯನಿಲ್ಲ, ದೊಡ್ಡಿ ಇಲ್ಲ. ಯಾರ ಹೊಲದಲ್ಲಿ ಮೇದರೂ ಹಚಾ ಎನ್ನುವಂತಿಲ್ಲ. ಅದರ ಉಣ್ಣೆ ಕತ್ತರಿಸುವಂತಿಲ್ಲ, ಅದನ್ನು ಮಾರುವಂತಿಲ್ಲ. ಅದು ದೇವರ ಸ್ವತ್ತು. ಯಾರು ಬಿಟ್ಟರು ಎಂದು ಕೇಳುವುದೂ ಇಲ್ಲ, ದೇವರ ಮುಂದೆ ನಿಂತು ಬಿಟ್ಟೆ ಎಂದರೆ ಮುಗಿಯಿತು.

ಗುಡಿಯ ಮುಂದೆ ಕೂತಿದ್ದ ಮುದುಕರು ತಲೆಯ ರುಮಾಲು ಸರಿಮಾಡಿಕೊಂಡರು. ಆಮೇಲೆ ಪೂಜಾರಿ ಸಿದ್ದಪ್ಪ ಎದ್ದು ಬಂದ. ಮನುಷ್ಯರನ್ನು ಬಿಟ್ಟದ್ದು ಅವನ ಅಪ್ಪ ಅಜ್ಜರ ಕಾಲದಲ್ಲೂ ಕೇಳಿರಲಿಲ್ಲ. ಆದರೆ ಕಾಗದ ಇದೆ, ಗದ್ವಾಲಿನ ವಿದ್ವಾಂಸರ ಸಾಕ್ಷಿ ಇದೆ, ತಾನೇ ಬಾಯಿ ಬಿಟ್ಟು ದೇವರ ಎದುರಿಗೆ ಹೇಳಿದ್ದಾನೆ. ಸಿದ್ದಪ್ಪ ತಾಯಪ್ಪನನ್ನು, ಖರೇನಾ ಎಂದು ಒಮ್ಮೆ ಕೇಳಿದ. ತಾಯಪ್ಪ, ಹೌದು ಹೌದು ಎಂದು ಎರಡು ಸಲ ಹೇಳಿದ. ಸಿದ್ದಪ್ಪ ಅವನ ಹಣೆ ತುಂಬ ಭಂಡಾರ ಬಳಿದು ಕಾಲಿಗೆ ಬಿದ್ದ. ತಾಯಪ್ಪ ಇದೆಲ್ಲ ದೊರೆಯ ಚೀಟಿಗೆ ಸಿಗುವ ಮರ್ಯಾದೆ ಎಂದುಕೊಂಡು ಸಿದ್ದಪ್ಪನ ತಲೆ ಮುಟ್ಟಿ ಆಶೀರ್ವಾದವನ್ನೂ ಮಾಡಿದ.

ಮುಂದಿನ ಎಂಟು ದಿನ ತಾಯಪ್ಪನ ಬಾಳಿನ ಸುವರ್ಣಯುಗ. ಯಾರ ಮನೆಯ ಮುಂದೆ ನಿಂತರೂ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ. ಪಕ್ಕದ ಮನೆಯ ಬುಚ್ಚಮ್ಮ ತನ್ನ ಹೊಲದ ಅಂಚಿಗೆ ಯಾರಾದರೂ ನೆರಳು ಬಿಟ್ಟರೂ ಏಳು ತಲೆಮಾರು ಎಣಿಸುವ ಹೆಂಗಸು. ಅವಳ ಹೊಲದಲ್ಲಿ ತಾಯಪ್ಪ ಕೂತು ಜೋಳದ ಸಿಹಿತೆನೆ ಸುಟ್ಟು ತಿನ್ನುತ್ತಿದ್ದರೆ, ಅವಳು ದೂರ ನಿಂತು ಕೈ ಮುಗಿದು, ಆ ಕಡೆ ಮಡಿಯಲ್ಲಿ ಇನ್ನೂ ಎಳೆಯವು ಇವೆ, ಅತ್ತ ಹೋಗಪ್ಪ ಎಂದಳು. ಹಿಂಡು ಕಾಯಲು ಕರೆಯುವವರಿಲ್ಲ. ಕ್ಷೌರ ಮಾಡಲು ಹಡಪದವನು ಒಪ್ಪಲಿಲ್ಲ, ದೇವರ ಉಣ್ಣೆಗೆ ಕತ್ತರಿ ಹಾಕಲಾರೆ ಎಂದ. ಬೆಳೆದ ಗಡ್ಡವೂ ತನಗೆ ಒಪ್ಪುತ್ತದೆ ಎಂದು ತಾಯಪ್ಪನಿಗೆ ಅನಿಸಿತು. ದಾರಿಯಲ್ಲಿ ಸಿಕ್ಕ ಹಿರಿಯರು ಬೆನ್ನ ಮೇಲೆ ಕೈ ಆಡಿಸಿ, ಪಕ್ಕೆ ಒತ್ತಿ ನೋಡಿ, ಪರವಾಗಿಲ್ಲ, ತುಂಬಿಕೊಳ್ಳುತ್ತಿದ್ದಾನೆ ಎನ್ನುತ್ತಿದ್ದರು. ಅದನ್ನೂ ಅವನು ಪ್ರೀತಿ ಎಂದೇ ತಿಳಿದ.

ಪೊಲೀಸ್ ಪಟೇಲರಿಗೆ ಮಾತ್ರ ದಿಗಿಲು ಹತ್ತಿತು. ಬೀರಪ್ಪನ ಹಬ್ಬ ಹತ್ತಿರ ಬಂದಿತ್ತು. ಹಬ್ಬದ ದಿನ ಬಿಟ್ಟ ಟಗರಿಗೆ ಏನಾಗುತ್ತದೆ ಎಂದು ಅವರಿಗೂ ಗೊತ್ತು. ಅವರು ಸಿದ್ದಪ್ಪನನ್ನು ಕರೆಸಿ, ನೀವು ಇವನಿಗೆ ಏನಾದರೂ ಮಾಡಿದರೆ ಪಂಚನಾಮೆ ಉರ್ದುವಿನಲ್ಲಿ ಬರೆಯಬೇಕಾಗುತ್ತದೆ, ನನ್ನ ಕೈಲಿ ಆಗುವುದಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದರು. ಸಿದ್ದಪ್ಪ ಎರಡೂ ಕಿವಿ ಮುಟ್ಟಿಕೊಂಡ. ಮನುಷ್ಯರಿಗೆ ಅಂಥದ್ದೇನೂ ಇಲ್ಲ, ಗುಡಿಯ ಅಂಗಳದಲ್ಲಿ ಬಿದ್ದಿದ್ದು, ಕಸ ಗುಡಿಸಿ, ದೀಪಕ್ಕೆ ಎಣ್ಣೆ ಹಾಕಿಕೊಂಡು ಸಾಯುವವರೆಗೆ ಇದ್ದರಾಯಿತು ಎಂದ. ಪಟೇಲರು ಸಮಾಧಾನದಿಂದ ಹುಕ್ಕಾ ಹಚ್ಚಿದರು.

ಪೆಂಟಮ್ಮನ ಸಮಾಧಾನ ಯಾರೂ ಕೇಳಲಿಲ್ಲ. ಅವಳು ಕೇಳಿಸಿಕೊಳ್ಳುವವರಿಗೆಲ್ಲ ಹೇಳಿದಳು. ಇವನು ಮನೆಯ ಕೆಲಸಕ್ಕೆ ಮೊದಲಿನಿಂದಲೂ ದೇವರಿಗೆ ಬಿಟ್ಟವನೇ, ಈಗ ಭಂಡಾರ ಹಚ್ಚಿದ್ದೊಂದು ಹೊಸದು ಎಂದಳು.

ಒಂಬತ್ತನೆಯ ದಿನ ಉರುಕುಂದಪ್ಪ ಮದುವೆಯ ದಿನ ಗೊತ್ತು ಮಾಡಲು ಬಂದ. ಬರುವಷ್ಟರಲ್ಲಿ ದಾರಿಯಲ್ಲೇ ಎಲ್ಲ ಕೇಳಿಸಿಕೊಂಡಿದ್ದ. ಅಂಗಳದಲ್ಲಿ ಕೂತು, ನೀರು ಕುಡಿದು, ಭಂಡಾರದ ಹಣೆಯ ಬೀಗನನ್ನು ನೋಡಿ, ಕೈ ಮುಗಿದ. ಆಮೇಲೆ ಪೆಂಟಮ್ಮನ ಕಡೆಗೆ ತಿರುಗಿ, ಧಾರೆ ಯಾರು ಎರೆಯುತ್ತಾರೆ ಎಂದು ಕೇಳಿದ.

ತಾಯಪ್ಪ ನಕ್ಕು, ನಾನೇ, ಇನ್ಯಾರು ಎಂದ.

"ಅದು ಹೆಂಗಾಗತದ ಬೀಗರ?" ಎಂದ ಉರುಕುಂದಪ್ಪ. "ನಿಮ್ಮನ್ನ ದೇವರಿಗಿ ಕೊಟ್ಟಾಗೇತಿ. ಕೊಟ್ಟದ್ದು ಇನ್ನೊಬ್ಬರಿಗಿ ಏನು ಕೊಡತದ? ಬಿಟ್ಟ ಟಗರಿಗೆ ಮರಿ ಮ್ಯಾಲ ಹಕ್ಕಿಲ್ಲ. ನಿಮ್ಮ ಭಾವಮೈದ ಮದ್ದೂರಾಗ ಅದಾನಲ್ಲ, ಅವನ ಕೈಲಿ ಎರಸರಿ. ಹುಡುಗಿ ನಮ್ಮನಿಗಿ ಬರಾಕ ನಂದೇನು ತಕರಾರಿಲ್ಲ."

ತಾಯಪ್ಪನ ಮುಖದ ನಗು ಹಾಗೇ ನಿಂತಿತ್ತು, ಅದನ್ನು ಇಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮೈಲಮ್ಮ ಬಾಗಿಲಿಗೆ ಬಂದು, ಹಿಟ್ಟಿನ ಕೈಯಲ್ಲೇ, ಅಪ್ಪನ ಕೈ ಇಲ್ಲದಿದ್ದರೆ ತಾನು ಹಸೆಗೆ ಕೂಡುವುದಿಲ್ಲ ಎಂದು ಮಾವನಾಗುವವನ ಮುಖಕ್ಕೇ ಹೇಳಿ ಒಳಗೆ ಹೋದಳು. ಉರುಕುಂದಪ್ಪ ಬೇಸರ ಮಾಡಿಕೊಳ್ಳಲಿಲ್ಲ. ನೇಮ ನಾನು ಮಾಡಿದ್ದಲ್ಲ ಎಂದಷ್ಟೇ ಹೇಳಿ, ಹಬ್ಬದವರೆಗೆ ನೋಡೋಣ ಎಂದು ಎದ್ದ.

ತಾಯಪ್ಪ ಅವತ್ತು ಬೆಣ್ಣೆ ಹಚ್ಚಿದ ರೊಟ್ಟಿಯನ್ನು ನಾಯಿಗೆ ಹಾಕಿದ. ಅವನನ್ನು ನೆನೆದು ನನಗೆ ನಗು ಬರುವುದೇನೋ ನಿಜ, ಆದರೆ ಆ ದಿನದ ಕತೆಗೆ ನಗಲಾರೆ. ಇದ್ದ ಒಂದು ಆಸೆಯನ್ನು ತನ್ನ ಬಾಯಿಂದಲೇ ಸಾರಿ ಕಳೆದುಕೊಂಡವನು ಅವನು.

ಮೊದಲು ಮಕ್ತಲ್‌ಗೆ ಓಡಿದ. ಚೀಟಿಯನ್ನು ರದ್ದು ಮಾಡಿಕೊಡಿ ಎಂದು ಪೇಷ್ಕಾರ ಸಾಹೇಬರ ಕಾಲು ಹಿಡಿದ. ಅವರು ಚೀಟಿಗೆ ಒಂದು ಮಿಸಲ್, ಅಂದರೆ ಕಡತ ತೆರೆದು ನಂಬರು ಕೊಟ್ಟುಬಿಟ್ಟಿದ್ದರು. ಇಂಗ್ಲಿಷಿನಲ್ಲಿ ಆದದ್ದನ್ನು ಉರ್ದುವಿನಲ್ಲಿ ರದ್ದು ಮಾಡುವ ಅಧಿಕಾರ ತನಗಿಲ್ಲ, ಬೇಕಿದ್ದರೆ ಇನ್ನೊಂದು ಮೊಹರು ಹಾಕಿಕೊಡುತ್ತೇನೆ ಎಂದರು. ಮೊಹರು ಹಾಕಿಯೇ ಕೊಟ್ಟರು.

ಮತ್ತೆ ಹರಗೋಲು, ಮತ್ತೆ ಗದ್ವಾಲು. ಹೊರಗೆ ತೆಗೆದ ಕುರಿಯನ್ನು ಒಳಗೆ ಸೇರಿಸಿಕೊಳ್ಳಲು ರೋಮಿನವರಲ್ಲಿ ಮಾತು ಇಲ್ಲವೇನ್ರೀ ಎಂದು ಕೇಳಿದ. ಮಾಸ್ತರು ಕುರ್ಚಿಯಿಂದ ಎದ್ದೇ ಬಿಟ್ಟರು. ಯಾಕಿಲ್ಲ, ಕಾಂಗ್ರಿಗೇಟ್, ಅಗ್ರಿಗೇಟ್, ಎಲ್ಲ ಅದೇ ಗ್ರೆಕ್ಸಿನ ಮಕ್ಕಳು, ಅಣ್ಣತಮ್ಮಂದಿರು ಎಂದು ಎರಡು ತಾಸು ಹೇಳಿದರು. ತಾಯಪ್ಪನ ಕಣ್ಣಲ್ಲಿ ನೀರು ಸುರಿಯುವುದನ್ನು ಕಂಡು, ಇದು ವಿದ್ಯೆಯ ಆನಂದವಲ್ಲ ಎಂದು ಅವರಿಗೆ ಮೊದಲ ಸಲ ಹೊಳೆಯಿತು. ಕೇಳಿ ಎಲ್ಲ ತಿಳಿದುಕೊಂಡು, ಬಹಳ ನಾಚಿಕೆಯಿಂದ, ಆ ಮಾತಿಗೆ ಈಗಿನವರು ಕೊಡುವ ಅರ್ಥವನ್ನು ಹೇಳಿದರು. ದೊರೆ ನಿನ್ನನ್ನು ಆರಿಸಿ ತೆಗೆದಿಲ್ಲ, ಪಕ್ಕಾ ಮೂರ್ಖ ಎಂದು ಬೈದಿದ್ದಾನೆ ಎಂದರು.

ತಾಯಪ್ಪ ಎದ್ದು ಕುಣಿದ. ಮಾಸ್ತರನ್ನು ತಬ್ಬಿಕೊಂಡ. ಹಾಗಂತ ಕನ್ನಡದಲ್ಲಿ ಬರೆದು ಕೊಡಿ ಎಂದು ಹಠ ಹಿಡಿದು, ತಾನು ಮೂರ್ಖ ಎಂಬ ಕಾಗದವನ್ನು ದಸ್ತಖತ್ತು ಸಮೇತ ಬರೆಸಿಕೊಂಡು, ಹೊಳೆಯ ಈ ದಡದಿಂದ ಊರಿನವರೆಗೆ ಓಡಿ ಬಂದ. ನಮ್ಮ ಸೀಮೆಯಲ್ಲಿ ಮೂರ್ಖತನಕ್ಕೆ ದಾಖಲೆ ಬೇಡಿ ತಂದವನು ಇವನೊಬ್ಬನೇ.

ಗುಡಿಯ ಮುಂದೆ ಮತ್ತೆ ಮಂದಿ ಕೂಡಿತು. ಪಟವಾರಿ ಕಾಗದ ಓದಿದ. ತಾಯಪ್ಪ ಪಕ್ಕಾ ಮೂರ್ಖ ಎಂಬ ಸಾಲಿಗೆ ಎಲ್ಲರೂ ತಲೆಯಾಡಿಸಿದರು.

"ಇದು ನಮಗ ಮೊದಲೇ ಗೊತ್ತಿತ್ತಲ್ಲೋ ತಾಯಣ್ಣ," ಎಂದ ಸಿದ್ದಪ್ಪ. "ದೊರಿ ಏನರ ಬರಕೊಳ್ಳಲಿ. ಬೀರಪ್ಪ ಇಂಗ್ಲಿಷ್ ಓದತಾನೇನು? ನೀ ಅವನ ಮುಂದ ನಿಂತು ಹಿಂಡು ಬಿಟ್ಟೀನಿ ಅಂದಿ. ನಾ ಖರೇನಾ ಅಂತ ಕೇಳಿದ್ನಿ. ನೀ ಹೌದು ಅಂದಿ, ಎರಡು ಸಲ."

ತಾಯಪ್ಪ ಕಟ್ಟೆಯ ಕೆಳಗೆ ಕುಸಿದು ಕೂತ. ಅವನನ್ನು ನೋಡಲಾಗದೆ ಸಿದ್ದಪ್ಪನೇ ಬಹಳ ಹೊತ್ತು ಯೋಚಿಸಿ ಒಂದು ದಾರಿ ಹೇಳಿದ. ಟಗರನ್ನು ಬಿಟ್ಟರೆ ಸಾಲದು, ದೇವರು ಒಪ್ಪಬೇಕು. ಹಬ್ಬದ ಬೆಳಿಗ್ಗೆ ಅದರ ಬೆನ್ನ ಮೇಲೆ ನೀರು ಸುರಿಯುತ್ತಾರೆ. ಟಗರು ಮೈ ಝಾಡಿಸಿದರೆ ಬೀರಪ್ಪ ಒಪ್ಪಿದ ಎಂದು ಅರ್ಥ. ಝಾಡಿಸದೆ ನಿಂತರೆ ಅವನು ಒಲ್ಲೆ ಎಂದ ಹಾಗೆ, ಅದು ಮತ್ತೆ ಹಿಂಡಿಗೆ ಹೋಗಬಹುದು. ತಾಯಪ್ಪನಿಗೂ ಅದೇ ನೇಮ, ಮೂರು ಕೊಡ ನೀರು, ಆಮೇಲೆ ಕಾಯಿ ಒಡೆಯುವವರೆಗೆ ಮೈ ನಡುಗಬಾರದು. ನಮ್ಮೂರ ಚರಿತ್ರೆಯಲ್ಲಿ ಝಾಡಿಸದ ಟಗರು ಒಂದೂ ಇಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಹಬ್ಬಕ್ಕೆ ಐದು ದಿನ ಉಳಿದಿತ್ತು. ಪುಷ್ಯ ಮಾಸ. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಎಮ್ಮೆಗಳೂ ಗೋಣಿ ಹೊದ್ದು ನಿಲ್ಲುವ ಕಾಲ. ತಾಯಪ್ಪನಿಗೂ ನೀರಿಗೂ ಹಳೆಯ ವೈರ, ಹಬ್ಬದ ಸ್ನಾನವನ್ನೂ ಬಿಸಿಲೇರಿದ ಮೇಲೆ, ಬಿಸಿ ನೀರಿನಲ್ಲಿ, ದೇವರ ಹೆಸರು ಕೂಗುತ್ತ ಮಾಡುವವನು. ರೂಢಿಯಾಗಲಿ ಎಂದು ಪೆಂಟಮ್ಮ ದಿನಾ ಬೆಳಿಗ್ಗೆ ಅಂಗಳದಲ್ಲಿ ಅವನನ್ನು ನಿಲ್ಲಿಸಿ ತಣ್ಣೀರು ಸುರಿದಳು. ಇಪ್ಪತ್ತು ವರ್ಷದ ಸಿಟ್ಟನ್ನು ಅವಳು ಕೊಡದಲ್ಲಿ ತುಂಬಿ ಸುರಿಯುತ್ತಿದ್ದಳು ಎಂದು ಬುಚ್ಚಮ್ಮ ಹೇಳುತ್ತಿದ್ದಳು. ಮೊದಲನೆಯ ದಿನ ನೀರು ಬಿದ್ದ ಕೂಡಲೇ ಝಾಡಿಸಿದ. ಎರಡನೆಯ ದಿನ ಅವಳು ಕೊಡ ಎತ್ತುವಾಗಲೇ ಝಾಡಿಸಿದ. ನಾಲ್ಕನೆಯ ದಿನ, ಪೆಂಟಮ್ಮ ಬಾವಿಗೆ ಹಗ್ಗ ಬಿಟ್ಟ ಸದ್ದಿಗೆ ಹಾಸಿಗೆಯಲ್ಲೇ ಝಾಡಿಸಿದ. ಊರವರು ಬೇಲಿಯ ಆಚೆ ನಿಂತು ನೋಡಿ, ಮದ್ದೂರಿನ ಭಾವಮೈದನಿಗೆ ಈಗಲೇ ಹೇಳಿ ಕಳಿಸುವುದು ಒಳ್ಳೆಯದು ಎಂದು ಬುದ್ಧಿ ಹೇಳಿ ಹೋದರು.

ಹಬ್ಬದ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಗುಡಿಯ ಮುಂದೆ ಊರಿಗೆ ಊರೇ ಬಂದಿತ್ತು. ಪೇಷ್ಕಾರ ಸಾಹೇಬರು ದೌರೆ, ಊರುಗಳ ತಪಾಸಣೆ ಎಂದು ನೆಪ ಹಾಕಿ ಬಂದು, ಹೊದ್ದ ಶಾಲಿನೊಳಗಿಂದ ಕಣ್ಣು ಮಾತ್ರ ಹೊರಗಿಟ್ಟು ಪಟೇಲರ ಪಕ್ಕದಲ್ಲಿ ಕೂತರು. ಉರುಕುಂದಪ್ಪ ನಾರ್ವದಿಂದ ನಡೆದು ಬಂದು, ಕಂಬಳಿ ಹೊದ್ದು, ಎಲ್ಲರಿಗಿಂತ ಮುಂದೆ ನಿಂತ. ನೇಮ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಬೇಕಾದವನು ಅವನು.

ತಾಯಪ್ಪ ಬರೀ ಪಂಚೆಯಲ್ಲಿ, ಬಾಯಲ್ಲಿ ಒಂದು ಟವೆಲ್ಲು ಕಚ್ಚಿಕೊಂಡು ಕಲ್ಲಿನ ಮೇಲೆ ನಿಂತ. ಸಿದ್ದಪ್ಪ ಬೀರಪ್ಪನಿಗೆ ಕೈ ಮುಗಿದು, ಮೊದಲ ಕೊಡ ನೆತ್ತಿಯ ಮೇಲೆ ಸುರಿದ. ತಾಯಪ್ಪ ಕಣ್ಣು ಮುಚ್ಚಿದ, ಕಚ್ಚೆಯನ್ನು ಎರಡೂ ಕೈಯಿಂದ ಹಿಡಿದ, ಅಲುಗಲಿಲ್ಲ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯ ಕೊಡ ಬೆನ್ನಿಗೆ ಬಿತ್ತು. ಬೆನ್ನ ಮೇಲಿನ ರೋಮ ಒಂದೊಂದೂ ಎದ್ದು ನಿಂತಿತು, ಮನುಷ್ಯ ನಿಂತಲ್ಲೇ ನಿಂತ. ರೋಮ ಎದ್ದರೆ ಝಾಡಿಸಿದ ಹಾಗೆ ಆಗುತ್ತದೋ ಎಂದು ಪೇಷ್ಕಾರ ಸಾಹೇಬರು ಒಂದು ಕಾನೂನಿನ ಪ್ರಶ್ನೆ ಎತ್ತಿದರು. ರೋಮಕ್ಕೆ ಬೀರಪ್ಪನ ದರ್ಬಾರಿನಲ್ಲಿ ಲೆಕ್ಕವಿಲ್ಲ ಎಂದು ಸಿದ್ದಪ್ಪ ತೀರ್ಪು ಕೊಟ್ಟ. ಮೂರನೆಯ ಕೊಡವನ್ನು ಅವನು ನಿಧಾನವಾಗಿ, ಧಾರೆ ಕಡಿಯದಂತೆ, ಕುತ್ತಿಗೆಯ ಹಿಂದೆ ಸುರಿದ. ಟವೆಲ್ಲು ಕಚ್ಚಿದ ತಾಯಪ್ಪನ ದವಡೆ ಕಲ್ಲಾಯಿತು, ತುಟಿ ನೀಲಿಯಾಯಿತು, ಮೈ ಮಾತ್ರ ಅಳ್ಳಾಡಲಿಲ್ಲ.

ಸಿದ್ದಪ್ಪ ಕಾಯಿಗೆ ಕೈ ಚಾಚಿದ. ತಟ್ಟೆಯಲ್ಲಿ ಕಾಯಿ ಇರಲಿಲ್ಲ. ಯಾವ ಟಗರೂ ಇಷ್ಟು ಹೊತ್ತು ತಡೆದದ್ದಿಲ್ಲವಾದ್ದರಿಂದ ಕಾಯಿ ಬೇಕಾಗುವುದೇ ಇಲ್ಲ ಎಂದು ಅವನು ತಂದಿರಲಿಲ್ಲ. ಬುಚ್ಚಮ್ಮನ ಮನೆಯಲ್ಲಿ ಒಂದಿದೆ ಎಂದು ಯಾರೋ ಅಂದರು. ಅವಳು ಕೀಲಿಕೈ ಹುಡುಕಿದಳು. ಕಂಬಳಿಯಲ್ಲಿಲ್ಲ, ಸೆರಗಿನಲ್ಲಿಲ್ಲ, ಸೊಂಟದಲ್ಲಿತ್ತು. ಸಿದ್ದಪ್ಪ ತಾನೇ ಅವಳ ಹಿಂದೆ ಓಡಿದ. ಹೊಳೆಯ ಗಾಳಿ ಅದೇ ಹೊತ್ತಿಗೆ ಎದ್ದಿತು. ತಾಯಪ್ಪ ನೀರು ಸುರಿಸುತ್ತ ಕಲ್ಲಿನ ಮೇಲೆ ನಿಂತೇ ಇದ್ದ. ಅವನ ಊರು, ಅವನ ಜಾತಿ, ಅವನನ್ನು ಇಷ್ಟು ವರ್ಷ ನಕ್ಕು ಆಡಿಕೊಂಡ ಮಂದಿ, ಎಲ್ಲರೂ ಉಸಿರು ಹಿಡಿದು ಅವನು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದರು. ಅವನಿಗೆ ಅದು ಗೊತ್ತಿರಲಿಲ್ಲ.

ಹೆಂಗಸರ ನಡುವಿನಿಂದ ಮೈಲಮ್ಮ ಹೊರಗೆ ಬಂದಳು. ಮಗಳು ಬರಬಾರದು ಎಂದು ನೇಮ ಇರಲಿಲ್ಲ, ಆದ್ದರಿಂದ ಯಾರೂ ತಡೆಯಲಿಲ್ಲ. ಕಲ್ಲಿನ ಹತ್ತಿರ ಹೋಗಿ ಸೆರಗು ಎಳೆದು ಅಪ್ಪನ ತಲೆ ಒರೆಸಿದಳು.

"ಸಾಕು ಬಿಡು ಯಪ್ಪಾ," ಎಂದಳು. "ನೀರು ಯಾರು ಬಿಟ್ರೂ ನಾ ನಿನ್ನ ಮಗಳೇ."

ಮೂರು ಕೊಡ ತಣ್ಣೀರಿಗೆ ಅಲುಗದವನಿಗೆ ಆ ಮಾತು ತಡೆಯಲಾಗಲಿಲ್ಲ. ಮೊದಲು ಮೊಣಕಾಲು ನಡುಗಿತು, ಆಮೇಲೆ ಹೆಗಲು. ಬಾಯಿಂದ ಟವೆಲ್ಲು ಬಿತ್ತು. ಅಳು ಒತ್ತಿಕೊಂಡು ಬಂದು ಮೈಯೆಲ್ಲ ಅಲ್ಲಾಡತೊಡಗಿತು. ಊರಿಗೆ ಊರೇ ನೋಡಿತು. ಮುಂದೆ ನಿಂತಿದ್ದ ಉರುಕುಂದಪ್ಪ ಎರಡೇ ಹೆಜ್ಜೆಯಲ್ಲಿ ಕಲ್ಲಿನ ಹತ್ತಿರ ಬಂದ. ಹೆಗಲ ಮೇಲಿನ ಕಂಬಳಿ ತೆಗೆದು ತಾಯಪ್ಪನ ತಲೆಯಿಂದ ಕಾಲಿನವರೆಗೆ ಹೊದಿಸಿ, ಹೊರಗಿನಿಂದ ಎರಡೂ ತೋಳಿನಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತ.

ಸಿದ್ದಪ್ಪ ಏದುಸಿರು ಬಿಡುತ್ತ ಕಾಯಿ ಹಿಡಿದು ಬಂದ. ಮೈ ಝಾಡಿಸಿದನೇನು ಎಂದು ಮಂದಿಯನ್ನು ಕೇಳಿದ. ಪಟೇಲರು ಪೇಷ್ಕಾರರನ್ನು ನೋಡಿದರು, ಪೇಷ್ಕಾರರು ಶಾಲನ್ನು ಕಣ್ಣಿನ ಮೇಲಕ್ಕೂ ಎಳೆದುಕೊಂಡರು.

"ನಾ ಹಿಡಕಂಡು ನಿಂತೀನಲ್ಲ," ಎಂದ ಉರುಕುಂದಪ್ಪ. "ಅಳ್ಳಾಡಿಲ್ಲ ಅಂವ. ಒಡಿ ಕಾಯಿ."

ಕಂಬಳಿ ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಿತ್ತು. ಅದನ್ನು ಹಿಡಿದುಕೊಂಡಿದ್ದ ಉರುಕುಂದಪ್ಪನೂ ಅದರ ಜೊತೆಗೆ ನಡುಗುತ್ತಿದ್ದ. ಸಿದ್ದಪ್ಪ ಒಮ್ಮೆ ಬೀಗರಿಬ್ಬರನ್ನು ನೋಡಿದ, ಒಮ್ಮೆ ಮೈಲಮ್ಮನನ್ನು ನೋಡಿದ, ಬೀರಪ್ಪನ ಕಡೆಗೆ ಮಾತ್ರ ತಿರುಗದೆ ಕಾಯಿ ಎತ್ತಿ ಕಲ್ಲಿಗೆ ಒಡೆದ.